ಬಣವಿಗೆ ಗಾಲಿ ಇಲ್ಲ

ಮುನವಳ್ಳಿ ದಾಟಿ ನವಿಲುತೀರ್ಥದ ಹಿನ್ನೀರಿನ ಕಡೆ ಹೊರಳಿದರೆ ಮೊದಲು ಡಾಂಬರು ಮುಗಿಯುತ್ತದೆ, ಆಮೇಲೆ ಕಡಿ ಮುಗಿಯುತ್ತದೆ, ಕೊನೆಗೆ ವಿದ್ಯುತ್ ಕಂಬಗಳೂ ಮುಗಿಯುತ್ತವೆ. ಕಟ್ಟಕಡೆಯ ಕಂಬ ಒಂದು ಬೇವಿನ ಮರಕ್ಕೆ ಒರಗಿಕೊಂಡಂತೆ ನಿಂತಿದೆ, ಇಷ್ಟು ದೂರ ಬಂದದ್ದೇ ಹೆಚ್ಚು ಎನ್ನುವ ಹಾಗೆ. ಮೀರಾಸಾಬರ ಕೆಲಸ ಶುರುವಾಗುವುದು ಅಲ್ಲಿಂದ ಮುಂದಕ್ಕೆ.

ಸಂಕ್ರಮಣಕ್ಕೆ ಇನ್ನೊಂದು ವಾರ ಇರುವ ಚಳಿಯ ಮುಂಜಾನೆ. ಗುಡ್ಡದ ಅಂಚಿನ ಹೊಲದಲ್ಲಿ ಐವತ್ತೆಂಟರ ಮೀರಾಸಾಬ ತಲೆಗೆ ಮಫ್ಲರು ಸುತ್ತಿ, ಕಂಕುಳಲ್ಲಿ ಒಣ ತೊಗರಿ ಕಟ್ಟಿಗೆಯ ಕಟ್ಟು ಹಿಡಿದು, ಈಗಷ್ಟೇ ಮೂಡಿದ ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದಾರೆ. ಸೋಲಾರ್ ಕೂಡಿಸುವ ಮನುಷ್ಯ ಸೂರ್ಯನಿಗೆ ಬೆನ್ನು ಮಾಡುವುದು ಸಭ್ಯತೆಯಲ್ಲ. ಆದರೆ ಈ ಹೊತ್ತಿನಲ್ಲಿ ಅವರಿಗೆ ಬೇಕಾಗಿರುವುದು ಸೂರ್ಯನಲ್ಲ, ನೆರಳು. ಬದುವಿನಾಚೆ, ಪಕ್ಕದ ಹೊಲದ ಮೂಲೆಯಲ್ಲಿ, ಗೋವಿನಜೋಳದ ಕಣಿಕೆಯ ದೊಡ್ಡ ಬಣವೆಯೊಂದು ಎದ್ದು ನಿಂತಿದೆ. ಅದರ ನೆರಳು ಬದು ದಾಟಿ ಬಂದು ಈಚೆಯ ತಗಡು ಹೊದಿಸಿದ ಪತ್ರಾಸಿನ ಮನೆಯನ್ನು ಅರ್ಧ ನುಂಗಿದೆ. ಮೀರಾಸಾಬ ಆ ನೆರಳಿನ ಅಂಚು ಹಿಡಿದು ನಡೆಯುತ್ತಾರೆ, ನಾಲ್ಕು ಮಾರಿಗೊಂದು ಕಟ್ಟಿಗೆ ನೆಡುತ್ತಾರೆ.

ಕಂಬಳಿಯೊಳಗಿನಿಂದ ಹೊಲದ ಯಜಮಾನ ಹಣಮಂತಪ್ಪನ ದನಿ ಬರುತ್ತದೆ. "ಭೂಮಿ ಅಳ್ಯಾಕ ಬಂದವರನ್ನ ನೋಡೇನಿ. ನೆಳ್ಳ ಅಳ್ಯಾಕ ಬಂದವರನ್ನ ಇದ ಮೊದಲ ನೋಡಿದ್ದು."

"ಭೂಮಿ ಎಲ್ಲಿ ಹೋಗತೈತ್ರಿ ಬೀಗರ, ಕುಂತಲ್ಲೆ ಕುಂತಿರತೈತಿ," ಎನ್ನುತ್ತಾರೆ ಮೀರಾಸಾಬ, ಬಗ್ಗಿದಲ್ಲಿಂದಲೇ. "ನೆಳ್ಳ ಹಂಗಲ್ಲ. ತಾಸತಾಸಿಗೆ ಒತ್ತುವರಿ ಮಾಡತೈತಿ."

ಹಣಮಂತಪ್ಪನ ಹೆಂಡತಿ ಶಟ್ಟೆವ್ವ ಮೀರಾಸಾಬರನ್ನು "ಅಣ್ಣಾ" ಎಂದು ಕರೆಯುತ್ತಾಳೆ. ಆ ಲೆಕ್ಕದಲ್ಲಿ ಗಂಡ ಬೀಗ. ಸಂಬಂಧ ಹುಟ್ಟಿ ವರ್ಷವೂ ತುಂಬಿಲ್ಲ, ಬೀಗರ ಮಾತಿನ ಮೊನೆ ಮಾತ್ರ ಆಗಲೇ ಚೂಪಾಗಿದೆ.

ಮೀರಾಸಾಬ ಬೈಲಹೊಂಗಲದವರು. ತಂದೆ ಗ್ಯಾಸಬತ್ತಿ ಬಾಡಿಗೆಗೆ ಕೊಡುತ್ತಿದ್ದರು. ಮದುವೆಗೆ, ಉರುಸಿಗೆ, ಸುತ್ತಲಿನ ಹಳ್ಳಿಗಳ ದೊಡ್ಡಾಟಕ್ಕೆ ಬೆಳಕು ಹೋಗುತ್ತಿದ್ದದ್ದು ಅವರ ಮನೆಯಿಂದಲೇ, ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ ಕುಳಿತುಕೊಂಡು. ಮಗನ ಕೆಲಸ ರೇಷ್ಮೆ ಬತ್ತಿಯ ಪೊಟ್ಟಣ ಒದ್ದೆಯಾಗದಂತೆ ಅಂಗಿಯೊಳಗೆ ಇಟ್ಟುಕೊಳ್ಳುವುದು.

"ನಮ್ಮಪ್ಪ ಗಾಳಿ ಹೊಡದು, ಬತ್ತಿ ಭುಸ್ಸ ಅಂತ ಹತ್ತಿತು ಅಂದ್ರ, ಮಂದಿ 'ಹೋ' ಅಂತಿದ್ರು. ರಾಜಾನ ಪಾತ್ರ ಇನ್ನೂ ಮೀಸಿ ಅಂಟಿಸಿಕೊಳ್ಳಾಕತ್ತಿರತಿತ್ತು, ಇತ್ತಾಗ ನಮ್ಮಪ್ಪಗ ಸಿಳ್ಳಿ ಬೀಳತಿದ್ವು," ಎನ್ನುವಾಗ ಮೀರಾಸಾಬರ ಮುಖದಲ್ಲಿ ಆ ಸಿಳ್ಳೆಯ ವಾರಸುದಾರಿಕೆ ಕಾಣುತ್ತದೆ.

ಊರೂರಿಗೆ ಲೈನು ಬಂತು. ಗ್ಯಾಸಬತ್ತಿಗಳು ಅಟ್ಟ ಸೇರಿದವು, ತಂದೆ ಒಂದಿಷ್ಟು ವರ್ಷ ಕರೆಂಟಿಗೆ ಶಾಪ ಹಾಕುತ್ತ ಕುಳಿತು ಆಮೇಲೆ ಹೋದರು. ಮಗ ಟ್ರ್ಯಾಕ್ಟರ್ ಬ್ಯಾಟರಿ ರಿಪೇರಿಗೆ ಇಳಿದರು. ಒಂದು ದಿನ ರಾಮದುರ್ಗದ ಕಡೆಯ ಕುರಿಗಾರನೊಬ್ಬ ಬಂದು, ತೋಳ ಬರುತ್ತಿದೆ, ಕುರಿಹಟ್ಟಿಗೆ ರಾತ್ರಿಯಿಡೀ ಉರಿಯುವಂಥದ್ದೇನಾದರೂ ಮಾಡಿಕೊಡು ಎಂದ. ಬ್ಯಾಟರಿಯಂತೂ ಅಂಗಡಿಯಲ್ಲಿತ್ತು. ಅದಕ್ಕೆ ದಿನಾ ಉಣಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ ಮೀರಾಸಾಬ ಸೂರ್ಯನನ್ನು ಮುಟ್ಟಿದರು. ಕುರಿ ಉಳಿದವೋ ಇಲ್ಲವೋ ಎಂದು ಕೇಳಿದರೆ, "ತ್ವಾಳಕ್ಕೂ ಬೆಳಕಾತು, ಅದಕ್ಕ ನಾಚಿ ಹೋತು" ಎನ್ನುತ್ತಾರೆ.

ಅಂದಿನಿಂದ ಅವರ ಹಳೆಯ ಮೊಪೆಡ್ಡು ಕಾಣದ ಗುಡ್ಡವಿಲ್ಲ. ಸವದತ್ತಿಯ ಸುತ್ತಿನ ಹೊಲದ ಮನೆಗಳು, ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡಿಯಲು ಬಂದವರ ಜೋಪಡಿಗಳು, ಇಟ್ಟಿಗೆ ಭಟ್ಟಿಯ ಕಾವಲು ಗುಡಿಸಲು, ಒಬ್ಬನೇ ಪೂಜಾರಿ ಇರುವ ಗುಡ್ಡದ ಗುಡಿ. ಸೋಲಾರ್ ಪ್ಲೇಟನ್ನು ಎರಡು ಕೌದಿಗಳ ನಡುವೆ ಮಲಗಿಸಿ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ. "ಪ್ಲೇಟ ಅಂದ್ರ ದಿನಾ ತುಂಬಿದ ಬಸರಿ ಇದ್ದಂಗ್ರಿ. ತೆಗ್ಗ ಕಂಡಲ್ಲೆ ಇಳದು ನಡೀಬೇಕು." ಕೆಲವು ರಸ್ತೆಗಳಲ್ಲಿ ಅವರು ಮೊಪೆಡ್ಡನ್ನು ಓಡಿಸಿದ್ದಕ್ಕಿಂತ ಮೊಪೆಡ್ಡಿನ ಜೊತೆ ನಡೆದದ್ದೇ ಹೆಚ್ಚು.

ಪತ್ರಾಸಿನ ಮೇಲಿಂದ ಒಮ್ಮೆ ಬಿದ್ದು ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಪ್ಯಾಂಟುಗಳೆಲ್ಲ ಆ್ಯಸಿಡ್ ಬಿದ್ದು ಜರಡಿ. ಇವೆರಡರ ಬಗ್ಗೆ ಅವರಿಗೆ ದೂರಿಲ್ಲ. ದೂರಿರುವುದು ಬೇರೆಯವರಿಗೆ, ಅದೂ ಅವರ ಒಂದು ಹಟದ ಬಗ್ಗೆ: ಕಂಬ ಇದ್ದವರ ಮನೆಗೆ ಮೀರಾಸಾಬ ಕೆಲಸಕ್ಕೆ ಹೋಗುವುದಿಲ್ಲ.

ಕಿತ್ತೂರಿನ ಹತ್ತಿರ ಹೈವೇ ಮೇಲಿನ ಹೋಟೆಲ್ ಮಾಲೀಕರೊಬ್ಬರು ತಾರಸಿ ತುಂಬ ಪ್ಲೇಟು ಹಾಕಿಕೊಡಲು ಕರೆಸಿದ್ದರು. ಚಹಾ ಕುಡಿಸಿದರು, ತಾರಸಿ ತೋರಿಸಿದರು.

"ಲೈನ್ ಐತಲ್ರಿ ನಿಮಗ?" ಎಂದು ಮೀರಾಸಾಬ ಕೇಳಿದರು.

"ಐತಪಾ. ಬಿಲ್ ಬಾಳ ಬರತೈತಿ."

"ಬಿಲ್ ನಿಮ್ಮ ತ್ರಾಸ ರೀ. ಕತ್ತಲಿ ನನ್ನ ತ್ರಾಸ," ಎಂದು ಕಪ್ಪು ಕೆಳಗಿಟ್ಟು ಎದ್ದು ಬಂದರು. ಸಾಬನಿಗೆ ಸೊಕ್ಕು ಬಹಳ ಎಂದು ಮಾಲೀಕರು ಇವತ್ತಿಗೂ ಹೇಳುತ್ತಾರಂತೆ. ಮೀರಾಸಾಬ ಅಲ್ಲಗಳೆಯುವುದಿಲ್ಲ.

ಅಲ್ಲಗಳೆಯುವವರು ಮನೆಯಲ್ಲೂ ಇಲ್ಲ. ಹೆಂಡತಿ ಗೌಸಬಿಯನ್ನು ಕೇಳಿದರೆ ಮಾತು ನೇರ. "ಕಂಬ ಇದ್ದವರ ರೊಕ್ಕ ಸಂತ್ಯಾಗ ನಡೆಯಂಗಿಲ್ಲೇನ್ರಿ? ಇವರನ್ನ ಕೇಳ್ರಿ." ಬೈಲಹೊಂಗಲದ ಅವರ ಮನೆಗೆ ಕಂಬವಿದೆ. ಆದ್ದರಿಂದ ನಿಯಮದ ಪ್ರಕಾರ ಸೋಲಾರ್ ಇಲ್ಲ. ಕರೆಂಟು ಹೋದಾಗ ಸೋಲಾರ್ ಮೀರಾಸಾಬರ ಮನೆಯಲ್ಲಿ ಮೇಣಬತ್ತಿ ಹತ್ತುತ್ತದೆ, ಓಣಿಯ ಮಕ್ಕಳು ನೋಡಿ ನಗುತ್ತವೆ.

ಯಾಕೆ ಈ ಹಟ? ಬಡವರ ಸೇವೆ, ಸಮಾಜ ಎಂಬ ಮಾತು ಬರಬಹುದೆಂದು ಕಾದರೆ ನಿರಾಶೆಯಾಗುತ್ತದೆ. "ಅವರು ನೋಡಂಗಿಲ್ಲರಿ," ಎನ್ನುತ್ತಾರೆ. "ಲೈಟ್ ಹತ್ತಿದಾಗ ಕಂಬ ಇದ್ದವರು ಮ್ಯಾಲೆ ನೋಡಂಗಿಲ್ಲ. ಬಟನ್ ಒತ್ತತಾರ, ತಮ್ಮ ಮೊಬೈಲ ನೋಡಕೋತ ಕುಂದರತಾರ. ಕಂಬ ಇಲ್ಲದಾವ ಮೊದಲನೇ ದಿನ ಬಾಯಿ ತಕ್ಕೊಂಡು ನೋಡತಾನ. ಮುದುಕರಿದ್ರ ಕೈ ಮುಗೀತಾರ. ನಾ ಅದನ್ನ ನೋಡಾಕ ಹೋಗೂದರಿ. ಕೂಲಿ ಮ್ಯಾಲಿಂದು." ಸಿಳ್ಳೆ ಕೇಳಿ ಬೆಳೆದ ಮಗನಿಗೆ ಸಿಳ್ಳೆಯಿಲ್ಲದ ಕೆಲಸ ಒಗ್ಗುವುದಿಲ್ಲ, ಅಷ್ಟೇ.

ಶಟ್ಟೆವ್ವ ಮತ್ತು ಹಣಮಂತಪ್ಪನ ಹೊಲ ಪರಪ್ಪ ಸಾವಕಾರರ ಎರಡು ಹೊಲಗಳ ನಡುವೆ, ಹಲ್ಲಿನ ಸಂದಿಯಲ್ಲಿ ಸಿಕ್ಕ ತೊಗರಿಬೇಳೆಯ ಹಾಗೆ ಕುಳಿತಿದೆ. ಸಾವಕಾರರಿಗೆ ಅದು ಬೇಕು. ಕೊನೆಯ ಕಂಬದಿಂದ ಇಲ್ಲಿಗೆ ಲೈನು ಎಳೆಯಬೇಕೆಂದರೆ ಅವರ ಹೊಲದಲ್ಲಿ ಒಂದು ಕಂಬ ನೆಡಬೇಕು, ಅದಕ್ಕೆ ಅವರು ಒಪ್ಪುವುದಿಲ್ಲ. ಕತ್ತಲಲ್ಲಿ ಎಷ್ಟು ದಿನ ಇರುತ್ತಾರೆ, ತಾವೇ ಕೊಟ್ಟು ಊರಿಗೆ ಇಳಿಯುತ್ತಾರೆ ಎಂಬುದು ಸಾವಕಾರರ ಎಣಿಕೆ. ಎಣಿಕೆ ತಪ್ಪೇನಲ್ಲ. ಹೋದದ್ದರ ಹಿಂದಿನ ಮಳೆಗಾಲದ ಒಂದು ಸಂಜೆ ಹಣಮಂತಪ್ಪ ಎಮ್ಮೆಗೆ ಮೇವು ಹಾಕಲು ಹೋಗಿ ನಾಗರಹಾವನ್ನು ತುಳಿದ. ಹಾವು ಸಂಭಾವಿತ, ಬುಸುಗುಟ್ಟಿ ಬಿಟ್ಟಿತು. ಆದರೆ ಅಂದಿನಿಂದ ಅವನು, "ಹೊಲಾ ಕೊಟ್ಟ ಬಿಡೂಣು" ಎನ್ನತೊಡಗಿದ.

"ಕೊಡಾಕ ಅದೇನ ಎಲಿ ಅಡಿಕಿ ಚೀಲೇನ?" ಎಂದು ಶಟ್ಟೆವ್ವ ಬೈಲಹೊಂಗಲದ ಬಸ್ಸು ಹತ್ತಿದ್ದಳು. ಮೀರಾಸಾಬರ ಅಂಗಡಿಯ ಮುಂದೆ ನಿಂತು ಅವಳು ಕೇಳಿದ ಪ್ರಶ್ನೆಯನ್ನು ಅವರು ಈಗಲೂ ನೆನೆಸುತ್ತಾರೆ: "ಅಣ್ಣಾ, ಸೂರ್ಯಾ ನಮ್ಮ ಹೊಲಕ್ಕ ಬರಬೇಕಂದ್ರ ಪರಪ್ಪ ಸಾವಕಾರ್ರ ಹೊಲಾ ದಾಟಿ ಬರಬೇಕೇನ?"

ಬರಬೇಕಾಗಿಲ್ಲ ಎಂದು ಮೀರಾಸಾಬ ಮಾತು ಕೊಟ್ಟರು. ಬೇಸಿಗೆಯಲ್ಲಿ ಬಂದು ಪತ್ರಾಸಿನ ಮೇಲೆ ಪ್ಲೇಟು ಕೂಡಿಸಿದರು. ಒಂದು ದೀಪ ಒಲೆಯ ಮುಂದೆ, ಒಂದು ಎಮ್ಮೆ ಮೇಯುವ ಗ್ವಾದಲಿಗೆ, ಮೂರನೆಯದು ಮನೆಯ ಹೊರಗೆ. ಹೊರಗಿನದನ್ನು ಯಾವ ಗೋಡೆಗೆ ಹಾಕಲಿ ಎಂದರೆ ಶಟ್ಟೆವ್ವ ಸಾವಕಾರರ ಹೊಲದ ಕಡೆ ಕೈ ತೋರಿಸಿದಳು. "ಹಾವು ಆ ಕಡೆಯಿಂದ ಬರತಾವಣ್ಣ," ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿದ್ದು ನೋಡಿ ಹಣಮಂತಪ್ಪ ಮಾತ್ರ ಗೊಣಗಿದ. ಅದು ಯಮನ ದಿಕ್ಕು. "ಸೂರ್ಯಾಗ ಅಂಜಿಕಿಲ್ಲ, ನಿಮಗ್ಯಾಕ್ರಿ?" ಎಂದರು ಮೀರಾಸಾಬ. ಮಳೆಗಾಲದ ಮೋಡದಲ್ಲೂ ದೀಪ ಮಲಗುವ ಹೊತ್ತಿನ ತನಕ ಉರಿಯಿತು.

ದೀಪಾವಳಿ ಮುಗಿಯಿತು. ಒಂದು ದಿನ ಫೋನು ಬಂತು. "ಅಣ್ಣಾ, ನಿನ್ನ ಲೈಟ ನಾ ರೊಟ್ಟಿ ಬಡದು ಮುಗಿಸೂದ್ರಾಗ ಮಲಗಾಕಹತ್ತೈತಿ. ನಮ್ಮನಿಯವರಿಗಿಂತ ಸ್ವಾಮಾರಿ ಆಗೈತಿ."

ಹೋಗಿ ಏಣಿ ಹತ್ತಿದರೆ ಪ್ಲೇಟಿನ ಮುಂದೆ ಒಂದು ಹಗ್ಗ, ಹಗ್ಗಕ್ಕೆ ಹಳೆಯ ಚಪ್ಪಲಿ, ಕರಿ ಕಂಬಳಿಯ ತುಂಡು, ನಿಂಬೆಹಣ್ಣು, ಮೆಣಸಿನಕಾಯಿ. ಈ ಭಾಗದಲ್ಲಿ ಹೊಸ ಮನೆ, ಹೊಸ ಎಮ್ಮೆ, ಹೊಸ ಟ್ರ್ಯಾಕ್ಟರು ಯಾವುದಕ್ಕಾದರೂ ದೃಷ್ಟಿಗೆಂದು ಇಷ್ಟು ಕಟ್ಟಲೇಬೇಕು. ಹೊಸ ಬೆಳಕಿಗೆ ಕಟ್ಟದಿರುತ್ತಾರೆಯೇ? ಮೀರಾಸಾಬರಿಗೆ ಇದು ಹೊಸದಲ್ಲ. ಪ್ಲೇಟಿಗೆ ವಿಭೂತಿ ಬಳಿದದ್ದು, ಅದರ ಗಾಜಿನ ಮೇಲೆ ತೆಂಗಿನಕಾಯಿ ಒಡೆಯಲು ಹೋದದ್ದು, ಎಲ್ಲವನ್ನೂ ಕಂಡಿದ್ದಾರೆ.

"ಮಂದಿ ಕಣ್ಣ ಬೀಳಬಾರದಂತ ಕಟ್ಟೇನಣ್ಣ," ಎಂದಳು ಶಟ್ಟೆವ್ವ ಕೆಳಗಿನಿಂದ.

"ಮಂದಿ ಕಣ್ಣೂ ಬೀಳಲಿಲ್ಲ ತಂಗಿ, ಸೂರ್ಯಾನ ಕಣ್ಣೂ ಬೀಳಲಿಲ್ಲ," ಎಂದು ಹಗ್ಗ ಬಿಚ್ಚಿದರು. "ಪ್ಲೇಟ ಅಂದ್ರ ಕೂಡಿದ ಮನಿತನ ಇದ್ದಂಗ. ಒಂದ ಮೂಲಿಗೆ ನೆಳ್ಳ ಬಿದ್ರ ಇಡೀ ಮನಿ ಮುನಿಸಿಕೋತೈತಿ."

ಹಗ್ಗ ಕೈಯಲ್ಲಿ ಹಿಡಿದು ಏಣಿ ಇಳಿಯುವಷ್ಟರಲ್ಲಿ ಇನ್ನೊಂದು ನೆರಳು ಪತ್ರಾಸಿನ ಮೇಲೆ ಏರಿ ಬರುವುದು ಅವರ ಕಣ್ಣಿಗೆ ಬಿತ್ತು. ಇದು ಚಪ್ಪಲಿಯದಲ್ಲ. ಬದುವಿನಾಚೆ, ಮನೆಯ ದಕ್ಷಿಣಕ್ಕೆ, ಬೇಸಿಗೆಯಲ್ಲಿ ಇರದಿದ್ದ ಬಣವೆ ಎದ್ದಿತ್ತು. ಪರಪ್ಪ ಸಾವಕಾರರ ಬಣವೆ ಪ್ರತಿವರ್ಷ ಅವರ ದನದ ಕೊಟ್ಟಿಗೆಯ ಪಕ್ಕದಲ್ಲಿ ಏಳುತ್ತಿತ್ತು. ಈ ವರ್ಷ ದನ ಆ ತುದಿಗೆ, ಮೇವು ಈ ತುದಿಗೆ. ಬೇಸಿಗೆಯಲ್ಲಾದರೆ ನಡುನೆತ್ತಿಯ ಸೂರ್ಯನಿಗೆ ಬಣವೆ ಲೆಕ್ಕಕ್ಕಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಅಡ್ಡ ಬರುವವರಿಗೆ ಅನುಕೂಲ.

ಮೀರಾಸಾಬ ಅಂದೇ ಸಾವಕಾರರ ಮನೆಗೆ ಹೋದರು. ಪರಪ್ಪ ಜೋಕಾಲಿಯಿಂದ ಏಳಲಿಲ್ಲ.

"ಬಣವಿ ನನ್ನ ಹೊಲದಾಗ ಐತಿಲ್ಲೋ ಸಾಬಾ? ನೆಳ್ಳ ಎಲ್ಲೆ ಬೀಳತೈತಿ ಅಂತ ಅದನ್ನ ಕೇಳು, ಇಲ್ಲಾ ಸೂರ್ಯಾನ್ನ ಕೇಳು. ನನ್ನೇನ ಕೇಳತಿ?"

ಊರ ಹಿರಿಯರೂ ತಲೆ ತುರಿಸಿಕೊಂಡರು. ನೀರಿನ ಜಗಳಕ್ಕೆ ದಾರಿಯಿದೆ, ಬದುವಿನ ಜಗಳಕ್ಕೆ ಅಳತೆಯ ಮೋಜಣಿಯಿದೆ. ನೆರಳಿನ ಜಗಳಕ್ಕೆ ಕಟ್ಟೆಯ ಮೇಲೆ ನ್ಯಾಯವಿಲ್ಲ. ಹಣಮಂತಪ್ಪ ಈ ಸಲ ಬಿಗಿಯಾಗಿ ಹೇಳಿದ: ಸಂಕ್ರಮಣದೊಳಗೆ ಬೆಳಕು ಮಲಗುವ ಹೊತ್ತಿನ ತನಕ ನಿಂತರೆ ನಿಂತೆವು, ಇಲ್ಲದಿದ್ದರೆ ಸಂಕ್ರಮಣದ ಮರುದಿನ ಸಾವಕಾರರಿಗೆ ಹೊಲದ ಮಾತು ಕೊಡುತ್ತೇನೆ. ಶಟ್ಟೆವ್ವ ತುಟಿ ಕಚ್ಚಿ ಒಪ್ಪಿದಳು. ಗಂಡನ ಕಾಲು ಎರಡನೆಯ ಸಲವೂ ಸಂಭಾವಿತ ಹಾವನ್ನೇ ತುಳಿಯುತ್ತದೆ ಎಂದು ಯಾರು ಹೇಳಬಲ್ಲರು?

ಮೀರಾಸಾಬ ಬೈಲಹೊಂಗಲಕ್ಕೆ ಬಂದು ಮಂಕಾದರು. ಇನ್ನೊಂದು ಕಡೆ ಗೂಟ ನೆಟ್ಟು ಪ್ಲೇಟು ಕೂಡಿಸಬಹುದು. ಆದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಮೇಲಾಗಿ ದಿನವಿಡೀ ನೆರಳು ಮುಟ್ಟದ ಜಾಗ ಆ ಪುಟ್ಟ ಹೊಲದಲ್ಲಿ ಮನೆಯಿಂದ ಬಲು ದೂರ. ಅಂಗಡಿಯಲ್ಲಿ ಕುಳಿತು ರಸ್ತೆ ನೋಡುವುದೇ ಕೆಲಸವಾಯಿತು. ದಾರಿ ತೋರಿಸಿದವರು ಊಟದ ಬುತ್ತಿ ತಂದ ಗೌಸಬಿ. ಎದುರಿಗೆ ಬಾಳೆಹಣ್ಣಿನವನು ತನ್ನ ಗಾಡಿಯನ್ನು ಬಿಸಿಲಿನಿಂದ ನೆರಳಿಗೆ ತಳ್ಳುತ್ತಿದ್ದ. ಮುಂಜಾನೆ ಬಸ್‌ಸ್ಟ್ಯಾಂಡಿನ ಗೋಡೆಗೆ, ಮಧ್ಯಾಹ್ನ ಹುಣಸೆಮರಕ್ಕೆ, ಸಂಜೆ ಇವರ ಅಂಗಡಿಗೆ, ನೆರಳು ಹೋದಲ್ಲಿ ಅವನ ಗಾಡಿ.

"ಬಾಳಿಹಣ್ಣಿನಾವಗ ಇರೂ ಬುದ್ಧಿ ನಿಮಗಿಲ್ಲ," ಎಂದು ಗೌಸಬಿ ಬುತ್ತಿ ಕುಕ್ಕಿದರು. "ಅವ ನೆಳ್ಳ ಹುಡುಕಿ ಗಾಡಿ ನೂಕತಾನ. ನೀವು ಬಿಸಲ ಹುಡುಕಿ ನೂಕ್ರಿ."

ಹಾಗಾಗಿಯೇ ಇಂದು ಮೀರಾಸಾಬ ಕತ್ತಲಿರುವಾಗಲೇ ಮನೆ ಬಿಟ್ಟು ಬಂದು ನೆರಳಿನ ಮೋಜಣಿಗೆ ನಿಂತಿದ್ದಾರೆ. ಮನೆಯ ಪಕ್ಕದ ಇನ್ನೊಂದು ಬೇವಿನ ಮರದ ಕೆಳಗೆ ಹಣಮಂತಪ್ಪನ ಹಳೆಯ ಚಕ್ಕಡಿ ಇದೆ. ಎತ್ತು ಮಾರಿದ ಮೇಲೆ ಅದು ಕೋಳಿಗಳ ವಶ. ಶೋಭೆಗೆ ನಿಲ್ಲಿಸಲು ಯಾರೋ ಹೋಟೆಲಿನವರು ಕೇಳಿದ್ದರು, ಹಣಮಂತಪ್ಪ ಕೊಟ್ಟಿರಲಿಲ್ಲ. ಹೊಲ ಕೊಡಲು ತಯಾರಾದವನು ಚಕ್ಕಡಿ ಯಾಕೆ ಕೊಡಲಿಲ್ಲ ಎಂದರೆ, "ಅದು ನಮ್ಮಪ್ಪಂದು" ಎನ್ನುತ್ತಾನೆ. ಹೊಲವೂ ಅವರಪ್ಪನದೇ ಎಂದು ಶಟ್ಟೆವ್ವ ಮಜ್ಜಿಗೆ ಕಡೆಯುತ್ತಲೇ ನೆನಪಿಸುತ್ತಾಳೆ.

ಕೋಳಿಗಳನ್ನು ಎಬ್ಬಿಸಿ, ಗಾಲಿಗೆ ಎಣ್ಣೆ ಬಿಟ್ಟು, ಪ್ಲೇಟನ್ನು ಪತ್ರಾಸಿನಿಂದ ಇಳಿಸಿ ಚಕ್ಕಡಿಯ ಹಲಗೆಗೆ ಬೋಲ್ಟು ಬಿಗಿಯುತ್ತಾರೆ ಮೀರಾಸಾಬ. ಎಡಗೈ ಏಳುವುದಿಲ್ಲವಾದ್ದರಿಂದ ಪಾನಾ ಬಲಗೈಯಲ್ಲಿ, ಬೈಗುಳ ಬಾಯಲ್ಲಿ. ಚಕ್ಕಡಿಯ ಮುಂದಿನ, ನೊಗ ಕಟ್ಟುವ ಮೂಕಿಯನ್ನು ಎತ್ತಿ ಕೆಳಗೆ ಕೋಲು ಕೊಟ್ಟರೆ ಹಲಗೆ ಹಿಂದಕ್ಕೆ ವಾಲುತ್ತದೆ, ಪ್ಲೇಟು ತಾನಾಗಿ ಸೂರ್ಯನಿಗೆ ಎದೆ ಕೊಡುತ್ತದೆ. ದಪ್ಪನೆಯ ಉದ್ದ ವೈರು ಬೇವಿನ ಟೊಂಗೆಯ ಮೇಲಿಂದ ಮನೆಯೊಳಗಿನ ಬ್ಯಾಟರಿಗೆ ಇಳಿಯುತ್ತದೆ. ಮುಂಜಾನೆ ಒಂದು ಜಾಗ, ಹೊತ್ತೇರಿದ ಮೇಲೆ ಇನ್ನೊಂದು, ಇಳಿಹೊತ್ತಿಗೆ ಮತ್ತೊಂದು. ತೊಗರಿ ಕಟ್ಟಿಗೆ ತೋರಿಸಿದ ಗಡಿಯಾಚೆ ನೂಕಿದರಾಯಿತು. ರಾತ್ರಿ ಬಾಗಿಲ ಮುಂದೆ ತಂದು ನಿಲ್ಲಿಸಿದರೆ ಕಾವಲಿಗೆ ನಾಯಿ ಇದೆ.

"ನಾವ ಎತ್ತಾಗಬೇಕು ಅನ್ರಿ," ಎನ್ನುತ್ತಾನೆ ಹಣಮಂತಪ್ಪ ಮೂಕಿಗೆ ಭುಜ ಕೊಡುತ್ತ.

"ಅರ್ಧಾ ಆಗೀರಿ, ಇನ್ನರ್ಧಾ ಆಗ್ರಿ," ಎನ್ನುತ್ತಾಳೆ ಹೆಂಡತಿ ಹಿಂದಿನಿಂದ ನೂಕುತ್ತ.

ದೃಷ್ಟಿಯ ಚಪ್ಪಲಿಯನ್ನು ಮೀರಾಸಾಬ ಎಸೆದಿರಲಿಲ್ಲ. ಅದನ್ನು ಶಟ್ಟೆವ್ವನ ಕೈಗೇ ಕೊಟ್ಟು, ಪ್ಲೇಟಿನ ಕೆಳಗೆ, ಗಾಲಿಯ ಅಚ್ಚಿಗೆ ಕಟ್ಟಲು ಹೇಳುತ್ತಾರೆ. "ಕಣ್ಣ ಬಿದ್ದದ್ದು ಖರೇ ಇತ್ತಲ್ಲ ತಂಗಿ. ನೀ ಕಟ್ಟಿದ್ದು ತಪ್ಪಲ್ಲ, ಕಟ್ಟಿದ ಜಾಗಾ ತಪ್ಪು."

ಆದರೂ ಹಣಮಂತಪ್ಪನಿಗೆ ಅನುಮಾನ. ಸಾವಕಾರರು ಇನ್ನೊಂದು ಬಣವೆ ಹಾಕಿದರೆ? ಅಲ್ಲಿರುವುದನ್ನೇ ಕಿತ್ತು ಇತ್ತ ಒಟ್ಟಿದರೆ?

ಮೀರಾಸಾಬ ಮಫ್ಲರು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ. "ಒಟ್ಟಲಿ. ಅವರು ಆಳ ಹಚ್ಚಿ ಎರಡ ದಿನಾ ಕಣಿಕಿ ಒಟ್ಟೂದ್ರಾಗ ನೀವು ಇಬ್ರು ನಾಕ ಹೆಜ್ಜಿ ನೂಕತೀರಿ. ಬಣವಿಗೆ ಗಾಲಿ ಇಲ್ಲರಿ ಬೀಗರ. ನಮಗ ಅದಾವ."

ದಿನವಿಡೀ ಮೀರಾಸಾಬ ಹೊಲ ಬಿಟ್ಟು ಹೋಗುವುದಿಲ್ಲ. ಮೂರು ಸಲ ಚಕ್ಕಡಿ ಸರಿಯುತ್ತದೆ. ಬಣವೆಯ ನೆರಳು ಖಾಲಿ ಪತ್ರಾಸನ್ನು ಹತ್ತಿ, ಅಲ್ಲಿ ಏನೂ ಸಿಗದೆ, ಇಳಿದು ಹೋಗುತ್ತದೆ. ಸಂಜೆ ಶಟ್ಟೆವ್ವ ರೊಟ್ಟಿ ಬಡಿಯಲು ಕೂರುತ್ತಾಳೆ, ದೀಪ ಹತ್ತುತ್ತದೆ. ರೊಟ್ಟಿಯ ಸಪ್ಪಳ ಮುಗಿಯುವ ಹೊತ್ತಿಗೆ ಈಚೆಗೆಲ್ಲ ಬೆಳಕು ಕೆಂಪಾಗಿ ಕಣ್ಣು ಮುಚ್ಚುತ್ತಿತ್ತು. ಇಂದು ಕೊನೆಯ ರೊಟ್ಟಿ ಬುಟ್ಟಿಗೆ ಬೀಳುತ್ತದೆ, ದೀಪ ಕದಲುವುದಿಲ್ಲ. ಊಟವಾಗುತ್ತದೆ, ಎಮ್ಮೆಗೆ ಮೇವಾಗುತ್ತದೆ, ಹಾಸಿಗೆ ಬೀಳುತ್ತದೆ, ದೀಪ ಹಾಗೇ ಇದೆ. ಹಣಮಂತಪ್ಪ ಅದನ್ನು, ಹೋಗುತ್ತೇನೆಂದು ಹೋಗದ ಬೀಗರನ್ನು ನೋಡಿದ ಹಾಗೆ ನೋಡುತ್ತಾನೆ. ಆಮೇಲೆ, "ಸಂಕ್ರಮಣಕ್ಕ ಹೊಲಕ್ಕ ಚರಗಾ ಚೆಲ್ಲೂಣಲ್ಲ?" ಎಂದು ಹೆಂಡತಿಯನ್ನು ಕೇಳುತ್ತಾನೆ. ಬಿಟ್ಟು ಹೋಗುವ ಹೊಲಕ್ಕೆ ಯಾರೂ ನೈವೇದ್ಯ ಚೆಲ್ಲುವುದಿಲ್ಲ. ಶಟ್ಟೆವ್ವ ಒಲೆಯ ಕಡೆ ಮುಖ ತಿರುಗಿಸಿ, "ಚೆಲ್ಲದ ಬಿಡತೀರೇನ?" ಎನ್ನುತ್ತಾಳೆ.

ಮೀರಾಸಾಬ ಪಾನಾ, ಟೆಸ್ಟರು ಚೀಲಕ್ಕೆ ಹಾಕಿ ಹೊರಗೆ ಬಂದಾಗ ಬದುವಿನಾಚೆಯ ದಾರಿಯಲ್ಲಿ ಒಂದು ಮೋಟರ್‌ಸೈಕಲ್ ಬರುತ್ತಿದೆ. ಬಣವೆಯ ಹತ್ತಿರ ನಿಲ್ಲುತ್ತದೆ. ಅದರ ಹೆಡ್‌ಲೈಟು ಆರುತ್ತದೆ. ಹೊರಗೋಡೆಯ ದೀಪದ ಬೆಳಕು ಬದು ದಾಟಿ ಹೋಗಿ ಪರಪ್ಪ ಸಾವಕಾರರ ಬಿಳಿ ಅಂಗಿಯನ್ನು ಮುಟ್ಟುತ್ತದೆ. ಸಾವಕಾರರು ದೀಪ ನೋಡುತ್ತಾರೆ, ಬಾಗಿಲ ಮುಂದಿನ ಚಕ್ಕಡಿ ನೋಡುತ್ತಾರೆ, ತಮ್ಮದೇ ಬಣವೆಯನ್ನು ಒಮ್ಮೆ ನೋಡುತ್ತಾರೆ, ಮತ್ತೆ ದೀಪ ನೋಡುತ್ತಾರೆ.

ಶಟ್ಟೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದು ದನಿ ಎತ್ತುತ್ತಾಳೆ. "ಬರ್ರಿ ಸಾವಕಾರ್ರ, ಚಾ ಕುಡದ ಹೋಗೀರಂತ. ಬೆಳಕೈತಿ!"

ಕಿಕ್ ಹೊಡೆದ ಸದ್ದು, ಮೊದಲನೆಯದಕ್ಕೆ ಹತ್ತುವುದಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಹತ್ತಿ ಮೋಟರ್‌ಸೈಕಲ್ ಕಂಬಗಳಿರುವ ಕಡೆ ಹೋಗುತ್ತದೆ.

ಕೌದಿಗಳನ್ನು ಮಡಚಿ ಮೊಪೆಡ್ಡಿಗೆ ಕಟ್ಟುತ್ತಿದ್ದ ಮೀರಾಸಾಬರ ಕೈ ಅಷ್ಟು ಹೊತ್ತು ನಿಂತೇ ಇತ್ತು. ಈಗ ಅವರು ಹಗ್ಗದ ಗಂಟು ಬಿಗಿದು ತಲೆ ಎತ್ತುತ್ತಾರೆ.

"ನೋಡಿದ್ರಿಲ್ಲೋ?" ಎನ್ನುತ್ತಾರೆ. "ಮನಿ ತುಂಬ ಲೈನ್ ಇದ್ದ ಮನಷ್ಯಾ. ಗಾಡಿ ನಿಂದ್ರಿಸಿ ನೋಡಿದ."